ಸ್ಮಾರಕದ ಒಳಗೋಡೆಯ ಕಲ್ಲುಗಳು

ಅಮೆರಿಕದ ರಾಜಧಾನಿಯಲ್ಲಿರುವ ವಾಷಿಂಗ್ಟನ್ ಸ್ಮಾರಕವನ್ನು ಚಿತ್ರದಲ್ಲಾದರೂ ನೋಡದವರು ವಿರಳ. 555 ಅಡಿ ಎತ್ತರದ ಬಿಳಿಗೋಪುರ, ಹೊರಗೋಡೆಗಳು ಬರಿದು. ಅದು ಮಾತಾಡುವುದೆಲ್ಲ ಒಳಗೋಡೆಯಲ್ಲಿ. ಅಲ್ಲಿ 190ಕ್ಕೂ ಹೆಚ್ಚು ಕಾಣಿಕೆಯ ಕಲ್ಲುಗಳಿವೆ.

1848ರಲ್ಲಿ ಅಡಿಗಲ್ಲು ಹಾಕಿದ್ದು ಸರಕಾರವಲ್ಲ, ಚಂದಾ ಎತ್ತುತ್ತಿದ್ದ ಒಂದು ಸಂಘ. ಹಣದ ಬದಲು ಕಲ್ಲು ಕೊಡುತ್ತೇವೆಂದು ಅಲಬಾಮಾ ರಾಜ್ಯ ಹೇಳಿದಾಗ ಸಂಘದವರು ಒಪ್ಪಿ, ಉಳಿದವರಿಂದಲೂ ಕಲ್ಲು ಬೇಡಿದರು: 4 ಅಡಿ ಉದ್ದ, 2 ಅಡಿ ಎತ್ತರ, ಒಂದೂವರೆ ಅಡಿ ದಪ್ಪ. (ಚಂದಾ ಕೇಳಿ ವಸ್ತು ಪಡೆದ ಅನುಭವ ನಮ್ಮ ಸಂಘಗಳಿಗೂ ಉಂಟು!) ರಾಜ್ಯಗಳು ಕೊಟ್ಟವು. ಅವುಗಳ ಜೊತೆಗೆ ಸೋದರ ಸಂಘಗಳೂ ಉತ್ಸಾಹದಿಂದ ಮುಂದೆ ಬಂದವು: ಫ್ರೀಮೇಸನ್ನರು, ಪಾನವಿರೋಧಿಗಳಾದ 'ಸನ್ಸ್ ಆಫ್ ಟೆಂಪರೆನ್ಸ್', ಬೆಂಕಿ ಆರಿಸುವ ಪಡೆಗಳು, ಮೂರು ಕೊಂಡಿಯ ಸರಪಳಿಯನ್ನು ಗುರುತಾಗಿ ಇಟ್ಟುಕೊಂಡ 'ಆಡ್ ಫೆಲೋ'ಗಳು. ಸದಸ್ಯ ಕಾಯಿಲೆ ಬಿದ್ದರೆ ನೆರವು, ಸತ್ತರೆ ಸಂಸ್ಕಾರದ ಖರ್ಚು, ವಿಧವೆಗೆ ಆಸರೆ: ಇದು ಈ ಕೊನೆಯವರ ಕೆಲಸ. ಅಂಥ ಸಾಮಾನ್ಯ ಜನರ ಕೂಟಕ್ಕೂ ರಾಷ್ಟ್ರಪಿತನ ಗೋಪುರದಲ್ಲಿ ಒಂದು ಕಲ್ಲಿನಷ್ಟು ಜಾಗ ಸಿಕ್ಕಿತು.

ನಮಗೆ ವಿಶೇಷವಾಗಿ ಹಿಡಿಸುವುದು ನ್ಯೂಯಾರ್ಕಿನಲ್ಲಿ ನೆಲೆಸಿದ್ದ ವೇಲ್ಸ್ ಜನರ ಕಲ್ಲು. ತಮ್ಮ ಭಾಷೆ, ನಾಡು, ಜನಾಂಗಗಳ ಮೇಲಿನ ಅಭಿಮಾನವನ್ನು ಅವರು ಕೆತ್ತಿಸಿದ್ದು ಇಂಗ್ಲಿಷಿನಲ್ಲಲ್ಲ, ವೆಲ್ಷ್ ನುಡಿಯಲ್ಲಿ.

ರೋಮಿನಿಂದ ಪೋಪ್ ಒಂಬತ್ತನೆಯ ಪಯಸ್ ಕೂಡ ಕಲ್ಲು ಕಳಿಸಿದರು. ಅದರಿಂದ ಕೆರಳಿದ್ದು ಮತ್ತೊಂದು ಕೂಟ. ಕೇಳಿದ್ದಕ್ಕೆಲ್ಲ 'ನನಗೇನೂ ಗೊತ್ತಿಲ್ಲ' ಎನ್ನುತ್ತಿದ್ದುದರಿಂದ ಅವರಿಗೆ 'ನೋ-ನಥಿಂಗ್' ಎಂಬ ಹೆಸರು. ಆಣೆ, ಗುಟ್ಟಿನ ಸಂಕೇತಗಳಿದ್ದ ಅವರದೂ ಸೋದರ ಸಂಘವೇ. ಆದರೆ ವಲಸೆ ಬಂದ ಐರಿಷ್, ಜರ್ಮನ್ ಕ್ಯಾಥೊಲಿಕರೆಂದರೆ ಆಗದು. 1854ರ ಮಾರ್ಚ್‌ನ ಒಂದು ರಾತ್ರಿ ಕೆಲವರು ಕಾವಲುಗಾರನನ್ನು ಕೂಡಿಹಾಕಿ ಆ ಕಲ್ಲನ್ನು ಹೊತ್ತೊಯ್ದರು. ಇದು ನೋ-ನಥಿಂಗ್‌ಗಳದೇ ಕೆಲಸವೆಂದೂ, ಕಲ್ಲನ್ನು ಪೊಟೋಮ್ಯಾಕ್ ನದಿಗೆ ಎಸೆದರೆಂದೂ ಪ್ರತೀತಿ. ಮರುವರ್ಷ ಸ್ಮಾರಕದ ಸಂಘವೇ ಅವರ ಕೈಸೇರಿತು. ಕಾಂಗ್ರೆಸ್ ಕೊಡಲಿದ್ದ 2 ಲಕ್ಷ ಡಾಲರ್ ನಿಂತುಹೋಯಿತು, ಚಂದಾ ಬತ್ತಿತು. ನಂತರ ಅಂತರ್ಯುದ್ಧ. ಸುಮಾರು 150 ಅಡಿಯ ಮೊಂಡುಗೋಪುರ ಇಪ್ಪತ್ತು ವರ್ಷಕ್ಕೂ ಮೇಲೆ ಹಾಗೇ ನಿಂತಿತು.

1876ರಲ್ಲಿ ಸರಕಾರ ಹೊಣೆ ಹೊತ್ತು, 1884ರಲ್ಲಿ ಕೆಲಸ ಮುಗಿಸಿತು. ಆ ವೇಳೆಗೆ ಅಮೃತಶಿಲೆಯ ಗಣಿ ಬೇರೆಯಾಗಿತ್ತು. ಕೆಲಸ ನಿಂತ ಎತ್ತರದಲ್ಲಿ ಬಣ್ಣ ಬದಲಾಗಿರುವುದು ಇಂದಿಗೂ ದೂರದಿಂದಲೇ ಕಾಣುತ್ತದೆ.

ಕಳುವಾದ ಕಲ್ಲಿನ ಬದಲಿಗೆ 1982ರಲ್ಲಿ ಹೊಸದೊಂದನ್ನು ಕೂಡಿಸಿದರು. ಅದರ ಮೇಲಿರುವುದು ಲ್ಯಾಟಿನ್ ಅಕ್ಷರ: ರೋಮಿನಿಂದ ಅಮೆರಿಕಕ್ಕೆ.