ಸವೆದ ಬೆರಳಿನ ಸಾಕ್ಷಿ

ನಿಪ್ಪಾಣಿ ಸೀಮೆಯಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಬೆರಳೇ ಬಂಡವಾಳ. ಅಕ್ಕೋಳದಂಥ ಊರುಗಳ ಸುತ್ತಲಿನ ಹೊಲಗಳಲ್ಲಿ ಬೆಳೆದ ತಂಬಾಕು ಪೇಟೆಯ ವಖಾರಿಗಳನ್ನು ಸೇರಿ, ಹದಗೊಂಡು, ಬೀಡಿಯಾಗುವವರೆಗೆ ಹೆಚ್ಚಾಗಿ ಹೆಂಗಸರ ಕೈಯಿಂದ ಕೈಗೇ ಸಾಗುತ್ತದೆ. ಎಲೆ ಕತ್ತರಿಸುವುದು, ತಂಬಾಕು ತುಂಬುವುದು, ಸುರುಳಿ ಸುತ್ತುವುದು, ತುದಿ ಮಡಚಿ ದಾರ ಬಿಗಿಯುವುದು ಎಲ್ಲವೂ ಬೆರಳ ತುದಿಯ ಕೆಲಸ. ದಿನಕ್ಕೆ ನೂರಾರು ಬೀಡಿ ಕಟ್ಟುವ ಕೈಯಲ್ಲಿ ವರ್ಷ ಕಳೆದಂತೆ ತುದಿಯ ಗೆರೆಗಳು ಸವೆಯುತ್ತವೆ. ಕಬ್ಬು ಕಡಿಯುವವರ, ಕಲ್ಲು ಒಡೆಯುವವರ, ಗಾರೆ ಕೆಲಸದವರ ಬೆರಳಿನದೂ ಇದೇ ಪಾಡು.

ಈ ಗೆರೆಗಳನ್ನೇ ಇಂದು ನ್ಯಾಯಬೆಲೆ ಅಂಗಡಿಯ ಯಂತ್ರ ಕೇಳುತ್ತದೆ. ಗೆರೆ ಹೊಂದಿದರೆ ಅಕ್ಕಿ. ಹೊಂದದಿದ್ದರೆ ಬೆರಳನ್ನು ಸೆರಗಿಗೆ ಒರೆಸಿ ಮತ್ತೊಮ್ಮೆ ಒತ್ತಬೇಕು. ದುಡಿದ ಬೆರಳೇ ದುಡಿದವಳನ್ನು ಗುರುತಿಸಲು ಹಿಂಜರಿಯುವ ಈ ವಿಚಿತ್ರ ಸನ್ನಿವೇಶ ಹೇಗೆ ಬಂತು? ಇದರ ಬೇರು ಹುಡುಕಿಕೊಂಡು ಹೊರಟರೆ ಒಂದೂವರೆ ಶತಮಾನಕ್ಕೂ ಹಿಂದೆ, ಬಂಗಾಳದ ಒಂದು ಕಚೇರಿಗೆ ಹೋಗಬೇಕಾಗುತ್ತದೆ.

ಅದು 1858. ಮುರ್ಷಿದಾಬಾದ್ ಜಿಲ್ಲೆಯ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಆಂಗ್ಲ ಅಧಿಕಾರಿ ರಸ್ತೆಗೆ ಜಲ್ಲಿ ಪೂರೈಸುವ ಗುತ್ತಿಗೆಯನ್ನು ರಾಜ್ಯಧರ ಕೋನಾಯಿ ಎಂಬಾತನಿಗೆ ಕೊಟ್ಟ. ಮುಂದೆ ಆತ ‘ಈ ಸಹಿ ನನ್ನದಲ್ಲ’ ಎನ್ನದಿರಲಿ ಎಂದು ಕರಾರು ಪತ್ರದ ಬೆನ್ನಿಗೆ ಅವನ ಇಡೀ ಅಂಗೈಯ ಮಸಿಗುರುತು ಒತ್ತಿಸಿಕೊಂಡ. ಆಗ ಹರ್ಷೆಲನ ಮನಸ್ಸಿನಲ್ಲಿ ವಿಜ್ಞಾನಕ್ಕಿಂತ ಅಪನಂಬಿಕೆಯೇ ಹೆಚ್ಚಾಗಿತ್ತು. ಗೆರೆಗಳ ಬಗೆಗಿನ ಕುತೂಹಲ ಆಮೇಲೆ ಬೆಳೆಯಿತು. ಹತ್ತೊಂಬತ್ತು ವರ್ಷಗಳ ಬಳಿಕ, 1877ರಲ್ಲಿ, ಹೂಗ್ಲಿಯಲ್ಲಿ ಮ್ಯಾಜಿಸ್ಟ್ರೇಟನಾಗಿದ್ದ ಆತ ದಸ್ತಾವೇಜುಗಳ ನೋಂದಣಿಗೂ ಪಿಂಚಣಿ ವಿತರಣೆಗೂ ಬೆರಳಚ್ಚನ್ನು ಬಳಕೆಗೆ ತಂದ. ಪಿಂಚಣಿದಾರ ಸತ್ತ ಮೇಲೂ ಬೇರೆ ಯಾರೋ ಬಂದು ಹಣ ಎತ್ತಿಕೊಂಡು ಹೋಗುವುದನ್ನು ತಡೆಯುವುದು ಅವನ ಉದ್ದೇಶ. 2014ರಿಂದೀಚೆಗೆ ನವೆಂಬರ್ ತಿಂಗಳಲ್ಲಿ ‘ನಾನಿನ್ನೂ ಬದುಕಿದ್ದೇನೆ’ ಎಂದು ಯಂತ್ರಕ್ಕೆ ಬೆರಳೊತ್ತಿ ಡಿಜಿಟಲ್ ಜೀವಿತ ಪ್ರಮಾಣಪತ್ರ ಪಡೆಯುವ ಪಿಂಚಣಿದಾರರು ಇದೇ ಹೂಗ್ಲಿಯ ಪದ್ಧತಿಯ ವಾರಸುದಾರರು.

ಬೆರಳಿನ ಗೆರೆಗಳು ಮಗು ಗರ್ಭದಲ್ಲಿರುವಾಗಲೇ ಮೂಡುತ್ತವೆ. ಅವಳಿ ಮಕ್ಕಳಲ್ಲೂ ಒಬ್ಬರದು ಇನ್ನೊಬ್ಬರದರಂತೆ ಇರುವುದಿಲ್ಲ. ಆದರೆ ಸಾವಿರಾರು ಅಚ್ಚುಗಳ ರಾಶಿಯಲ್ಲಿ ಬೇಕಾದುದನ್ನು ಹುಡುಕುವುದು ಹೇಗೆ? ಈ ತೊಡಕನ್ನು ಬಿಡಿಸಿದವರಲ್ಲಿ ಇಬ್ಬರು ಭಾರತೀಯರು ಮುಖ್ಯರು. ಬಂಗಾಳ ಪೊಲೀಸ್ ಇಲಾಖೆಯ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅಚ್ಚುಗಳನ್ನು 1024 ಗೂಡುಗಳಲ್ಲಿ ವಿಂಗಡಿಸುವ ಲೆಕ್ಕವನ್ನು ರೂಪಿಸಲು ನೆರವಾದರು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ತೆರೆಯಿತು. 1901ರಲ್ಲಿ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ ಅದೇ ಪದ್ಧತಿಯನ್ನು ಅನುಸರಿಸಿತು. ಹೆಸರು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದಾಯಿತು.

ಬೆರಳಚ್ಚು ಎಷ್ಟು ಹೇಳುತ್ತದೆ, ಎಷ್ಟು ಹೇಳುವುದಿಲ್ಲ ಎಂಬ ವಿವೇಕವೂ ಅಂದೇ ಇತ್ತು. ಜಲಪಾಯ್ಗುರಿಯ ಚಹಾ ತೋಟದ ವ್ಯವಸ್ಥಾಪಕನೊಬ್ಬನ ಕೊಲೆಯ ಮೊಕದ್ದಮೆಯಲ್ಲಿ ಆರೋಪಿಯ ಹೆಬ್ಬೆಟ್ಟಿನ ಗುರುತು ಸಿಕ್ಕಿತ್ತು. 1898ರಲ್ಲಿ ನ್ಯಾಯಾಲಯ ಆತನನ್ನು ಕಳವಿಗೆ ಶಿಕ್ಷಿಸಿತು, ಕೊಲೆಯ ಆರೋಪದಿಂದ ಬಿಟ್ಟಿತು. ಗುರುತು ಆತ ಅಲ್ಲಿದ್ದನೆಂದು ಹೇಳಿತೇ ಹೊರತು ಕೊಂದನೆಂದು ಹೇಳಲಿಲ್ಲ.

ಎಲ್ಲ ಕಡೆಯೂ ಈ ವಿವೇಕ ಉಳಿಯಲಿಲ್ಲ. 1871ರಲ್ಲಿ ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಹಲವು ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ದಾಖಲಿಸಿತು. 1911ರ ಕಾಯ್ದೆ ಅವರ ಬೆರಳಚ್ಚು ತೆಗೆದಿರಿಸುವ ಅಧಿಕಾರವನ್ನೂ ಕೊಟ್ಟಿತು. ಮುಂಬೈ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲೂ ಇಂಥವರನ್ನು ಕಾವಲಿನಲ್ಲಿಡುವ ವಸತಿಗಳು ಎದ್ದವು. ಹುಬ್ಬಳ್ಳಿಯಲ್ಲೂ ಗದಗ-ಬೆಟಗೇರಿಯಲ್ಲೂ ‘ಸೆಟ್ಲಮೆಂಟ್’ ಎಂಬುದು ಇಂದಿಗೂ ಬಡಾವಣೆಯ ಹೆಸರಾಗಿ ಉಳಿದಿದೆ. ಯಾವ ತಪ್ಪನ್ನೂ ಮಾಡದವನ ಬೆರಳೂ ಪೊಲೀಸರ ಕಡತ ಸೇರುತ್ತಿತ್ತು. ಈ ಕಾಯ್ದೆ ರದ್ದಾದದ್ದು 1952ರಲ್ಲಿ.

ದಕ್ಷಿಣ ಆಫ್ರಿಕದಲ್ಲಿ ಗಾಂಧೀಜಿ ಎದುರಿಸಿದ್ದೂ ಇದೇ ಪ್ರಶ್ನೆಯನ್ನು. ಟ್ರಾನ್ಸ್‌ವಾಲ್ ಸರ್ಕಾರ ಏಷ್ಯದವರೆಲ್ಲ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂದು ಹೊರಟಾಗ, 1906ರ ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗಿನ ಸಭೆಯಲ್ಲಿ ಭಾರತೀಯರು ಅದಕ್ಕೆ ಮಣಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಸತ್ಯಾಗ್ರಹದ ಆರಂಭ ಅಲ್ಲಿ. ಆದರೆ 1908ರ ಆರಂಭದಲ್ಲಿ ರಾಜಿಯಾಗಿ ನೋಂದಣಿ ಐಚ್ಛಿಕವಾಗುತ್ತದೆಂದಾದಾಗ ಗಾಂಧೀಜಿ ತಾವೇ ಬೆರಳೊತ್ತಲು ಸಿದ್ಧರಾದರು. ಇದನ್ನು ದ್ರೋಹವೆಂದು ಭಾವಿಸಿದವರು ಅವರನ್ನು ಬೀದಿಯಲ್ಲಿ ಹೊಡೆದು ಬೀಳಿಸಿದರು. ಹಾಸಿಗೆಯಲ್ಲಿ ಮಲಗಿದ್ದಾಗಲೇ ಅವರು ಅಚ್ಚು ಕೊಟ್ಟರು. ಕಾಯ್ದೆ ರದ್ದಾಗದೆ ಉಳಿದಾಗ, ಅದೇ ಆಗಸ್ಟ್‌ನಲ್ಲಿ, ಪಡೆದ ಪತ್ರಗಳನ್ನು ರಾಶಿ ಹಾಕಿ ಸುಡಲಾಯಿತು. ಒಪ್ಪಿ ಕೊಟ್ಟ ಬೆರಳಿಗೂ ಹಿಡಿದು ಒತ್ತಿಸಿದ ಬೆರಳಿಗೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪ್ರಸಂಗ ವಿರಳ.

ಹಾಗೆಂದು ಗುರುತಿನ ದಾಖಲೆಯೇ ಕೇಡಲ್ಲ. ಅದಕ್ಕೆ ನಿಪ್ಪಾಣಿಯೇ ಸಾಕ್ಷಿ. ಮನೆಯಲ್ಲಿ ಕುಳಿತು ಬೀಡಿ ಕಟ್ಟುವ ಹೆಂಗಸು ಯಾರ ಕೆಲಸಗಾರಳೆಂಬುದಕ್ಕೆ ದಾಖಲೆ ಇಲ್ಲದಿದ್ದರೆ, ಗುತ್ತಿಗೆದಾರ ‘ಇವಳು ಯಾರೋ ಗೊತ್ತಿಲ್ಲ’ ಎನ್ನಬಹುದು. 1980ರ ಸುಮಾರಿಗೆ ಇಲ್ಲಿಯ ತಂಬಾಕು ಕಾರ್ಖಾನೆಗಳ ಹೆಣ್ಣುಮಕ್ಕಳು ಸಂಘ ಕಟ್ಟಿ ಬೀದಿಗಿಳಿದರು. ಅವರ ಹೋರಾಟವನ್ನು ಕುರಿತು ಯುಗಾಂತರ ತಂಡ 1982ರಲ್ಲಿ ಒಂದು ಸಾಕ್ಷ್ಯಚಿತ್ರವನ್ನೇ ತೆಗೆಯಿತು. ಬೀಡಿ ಕಾರ್ಮಿಕರಿಗಾಗಿ 1976ರ ಕಾಯ್ದೆಯಂತೆ ಏರ್ಪಟ್ಟ ಕಲ್ಯಾಣ ನಿಧಿಯಿಂದ ಚಿಕಿತ್ಸೆಯಾಗಲಿ, ಮಕ್ಕಳ ವಿದ್ಯಾರ್ಥಿವೇತನವಾಗಲಿ ಸಿಗಬೇಕಾದರೆ ಕಾರ್ಮಿಕಳ ಗುರುತಿನ ಚೀಟಿ ಬೇಕಾಗಿತ್ತು. ಆ ಚೀಟಿ ಅವಳ ಮೇಲಿನ ಕಾವಲಾಗಿರಲಿಲ್ಲ, ಅವಳ ಕೈಯಲ್ಲಿದ್ದ ಹಕ್ಕುಪತ್ರವಾಗಿತ್ತು.

ಆಧಾರ್ ಯೋಜನೆಯನ್ನು ಸಮರ್ಥಿಸಿದವರು ಹೇಳಿದ್ದೂ ಈ ಮಾತನ್ನೇ: ದಾಖಲೆಯಿಲ್ಲದ ಬಡವನಿಗೆ ಒಂದು ಗುರುತು ಸಿಗಲಿ, ಅವನ ಪಾಲಿನ ಹಣ ನಡುವೆ ಸೋರದಿರಲಿ. 2009ರಲ್ಲಿ ಸ್ಥಾಪನೆಯಾದ ಪ್ರಾಧಿಕಾರದ ಮೊದಲ ಅಧ್ಯಕ್ಷರು ಬೆಂಗಳೂರಿನ ನಂದನ್ ನಿಲೇಕಣಿ. ಹತ್ತು ಬೆರಳು, ಎರಡು ಕಣ್ಣಿನ ಪಾಪೆ, ಒಂದು ಭಾವಚಿತ್ರ ಕೊಟ್ಟವರಿಗೆ 12 ಅಂಕಿಗಳ ಸಂಖ್ಯೆ. ಕರ್ನಾಟಕದಲ್ಲಿ ಇದರ ಮೊದಲ ಪ್ರಯೋಗ ನಡೆದದ್ದು ಮೈಸೂರು ಮತ್ತು ತುಮಕೂರು ಜಿಲ್ಲೆಗಳಲ್ಲಿ. ಇಂದು ದೇಶದಲ್ಲಿ ವಿತರಣೆಯಾಗಿರುವ ಸಂಖ್ಯೆಗಳು 130 ಕೋಟಿ ಮೀರಿವೆ. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ 2000 ರೂಪಾಯಿ ಆಧಾರ್ ಜೋಡಿಸಿದ ಖಾತೆಗೆ ನೇರವಾಗಿ ಬೀಳುವುದು ಈ ವ್ಯವಸ್ಥೆಯ ಬಲದಿಂದ. ಗುಡಿಸಲಿನ ಮುದುಕಿ ಊರಲ್ಲೇ ಬೆರಳೊತ್ತಿ ಹಣ ಪಡೆಯುವುದು ಸಣ್ಣ ಅನುಕೂಲವೇನಲ್ಲ. ಒಂದು ವಿಪರ್ಯಾಸವೂ ಇದೆ: 1990ರ ದಶಕದ ಸಾಕ್ಷರತಾ ಆಂದೋಲನ ಹಳ್ಳಿಯವರಿಗೆ ‘ಹೆಬ್ಬೆಟ್ಟು ಬಿಡಿ, ಸಹಿ ಕಲಿಯಿರಿ’ ಎಂದಿತ್ತು. ಈಗ ಪ್ರಾಧ್ಯಾಪಕರೂ ಹೆಬ್ಬೆಟ್ಟಿಗೆ ಮರಳಿದ್ದಾರೆ.

ತೊಂದರೆ ಇರುವುದು ಯಂತ್ರದ ಉತ್ತರವನ್ನು ನಾವು ಹೇಗೆ ತಿಳಿದುಕೊಳ್ಳುತ್ತೇವೆ ಎಂಬಲ್ಲಿ. ಯಂತ್ರ ಗೆರೆಗಳು ಎಲ್ಲಿ ಕವಲೊಡೆದಿವೆ, ಎಲ್ಲಿ ನಿಂತಿವೆ ಎಂದು ಗುರುತಿಸಿ, ಹಿಂದಿನ ಅಚ್ಚಿನೊಂದಿಗೆ ಎಷ್ಟರಮಟ್ಟಿಗೆ ಹೋಲುತ್ತದೆಂದು ಅಳೆಯುತ್ತದೆ. ಇದು ಜರಡಿ ಹಿಡಿದಂತೆ. ಕಣ್ಣು ದೊಡ್ಡದಾದರೆ ಬೇರೆಯವರೂ ನುಸುಳುತ್ತಾರೆ, ಸಣ್ಣದಾದರೆ ನಿಜವಾದವರೂ ಹೊರಗುಳಿಯುತ್ತಾರೆ. ‘ಇಲ್ಲ’ ಎಂಬ ಉತ್ತರಕ್ಕೆ ‘ಈ ಅಚ್ಚು ಹೊಂದಲಿಲ್ಲ’ ಎಂದಷ್ಟೇ ಅರ್ಥ. ಅಂಗಡಿಯಲ್ಲಿ ಅದು ‘ನೀನು ನೀನಲ್ಲ’ ಎಂದಾಗಿಬಿಡುತ್ತದೆ. 2017ರಲ್ಲಿ ಗೋಕರ್ಣದ ಬಳಿ ದಲಿತ ಕುಟುಂಬವೊಂದರ ಮೂವರು ಸಹೋದರರು ಸತ್ತಾಗ, ಆಧಾರ್ ಜೋಡಣೆಯಿಲ್ಲದೆ ಆ ಮನೆಗೆ ತಿಂಗಳುಗಟ್ಟಲೆ ಪಡಿತರ ನಿಂತಿತ್ತೆಂದು ನಾಗರಿಕ ಹಕ್ಕುಗಳ ಸಂಘಟನೆಯ ತನಿಖೆ ಹೇಳಿತು. ಹಸಿವೇ ಕಾರಣವೆಂಬುದನ್ನು ಆಡಳಿತ ಒಪ್ಪಲಿಲ್ಲ.

ಇನ್ನೊಂದು ಅಪಾಯ ಕಳವಿನದು. ಕಳೆದ ಬೀಗದ ಕೈಗೆ ಬದಲಿ ಮಾಡಿಸಬಹುದು, ಬೆರಳಿಗೆ ಬದಲಿ ಎಲ್ಲಿದೆ? 2023ರಲ್ಲಿ ಮಂಗಳೂರು ಸೀಮೆಯ ಹಲವರ ಬ್ಯಾಂಕ್ ಖಾತೆಗಳಿಂದ ಅವರಿಗೆ ತಿಳಿಯದಂತೆ ಹಣ ಹೋಯಿತು. ಆಸ್ತಿ ನೋಂದಣಿಗೆಂದು ಒತ್ತಿದ ಬೆರಳಚ್ಚುಗಳನ್ನು ದಸ್ತಾವೇಜಿನ ಪ್ರತಿಗಳಿಂದ ಎತ್ತಿ, ನಕಲಿ ಬೆರಳು ತಯಾರಿಸಿ ಹಣ ತೆಗೆಯಲಾಗಿತ್ತೆಂದು ಪೊಲೀಸ್ ತನಿಖೆ ಹೇಳಿತು. ಬಿಹಾರದ ಕೆಲವರ ಬಂಧನವಾಯಿತು. ಹರ್ಷೆಲ್ ಮೋಸ ತಡೆಯಲೆಂದು ದಸ್ತಾವೇಜಿಗೆ ತಂದ ಹೆಬ್ಬೆಟ್ಟೇ ಇಲ್ಲಿ ಮೋಸಕ್ಕೆ ದಾರಿಯಾಯಿತು.

ಈ ಎಲ್ಲ ಆತಂಕವನ್ನು ಸುಪ್ರೀಂ ಕೋರ್ಟಿಗೆ ಒಯ್ದವರಲ್ಲಿ ಮೊದಲಿಗರೂ ಕನ್ನಡಿಗರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, 86ರ ವಯಸ್ಸಿನಲ್ಲಿ, ಅರ್ಜಿ ಹಾಕಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಮರುವರ್ಷ ಸೆಪ್ಟೆಂಬರ್ 26ರ ತೀರ್ಪು ಸರ್ಕಾರಿ ಸವಲತ್ತುಗಳಿಗೆ ಆಧಾರ್ ಬಳಕೆಯನ್ನು ಎತ್ತಿಹಿಡಿದು, ಬ್ಯಾಂಕ್ ಖಾತೆಗೂ ಮೊಬೈಲಿಗೂ ಅದು ಕಡ್ಡಾಯವಲ್ಲ ಎಂದಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅವರ ಹೆಸರಿನ ಮೊಕದ್ದಮೆ ಇಂದು ಕಾನೂನು ವಿದ್ಯಾರ್ಥಿಗಳ ಪಾಠವಾಗಿದೆ.

ತೀರ್ಪಿನ ಮಾತು ಹಳ್ಳಿಯ ಅಂಗಡಿಯವರೆಗೆ ಬಂದಾಗಲೇ ಅದಕ್ಕೆ ಬೆಲೆ. ಬೆರಳು ಹೊಂದಲಿಲ್ಲ ಎಂಬ ಕಾರಣಕ್ಕೆ ಅರ್ಹರಿಗೆ ಪಡಿತರ ನಿರಾಕರಿಸಬಾರದೆಂದು ಕೇಂದ್ರ ಸರ್ಕಾರ 2017ರ ಅಕ್ಟೋಬರ್‌ನಲ್ಲೇ ರಾಜ್ಯಗಳಿಗೆ ಸೂಚಿಸಿದೆ. ಬೇರೆ ದಾಖಲೆ ನೋಡಿ, ವಹಿಯಲ್ಲಿ ಬರೆದುಕೊಂಡು ಕೊಡಬಹುದು. ತನ್ನ ಬೆರಳಚ್ಚನ್ನು ಬೇರೆಯವರು ಬಳಸದಂತೆ ಬಯೊಮೆಟ್ರಿಕ್ ಬೀಗ ಹಾಕಿಕೊಳ್ಳುವ ಸೌಲಭ್ಯವನ್ನೂ ಆಧಾರ್ ಪ್ರಾಧಿಕಾರ ಒದಗಿಸಿದೆ. ಇವೆರಡೂ ಗೊತ್ತಿರಬೇಕಾದದ್ದು ಯಂತ್ರದ ಮುಂದೆ ಸರದಿಯಲ್ಲಿ ನಿಂತವರಿಗೆ. ಬೀಡಿ ಕಟ್ಟಿ ಬೆರಳು ಸವೆದವಳು ಮೂರು ಬಾರಿ ಒತ್ತಿದರೂ ಗೆರೆ ಹೊಂದದಿದ್ದಾಗ, ಅಂಗಡಿಯವನು ವಹಿ ತೆರೆದು ಅವಳ ಹೆಸರು ಬರೆದುಕೊಂಡು ಅಕ್ಕಿ ಅಳೆಯಬೇಕು. ‘ನಾಳೆ ಬಾ’ ಎಂದು ಹಿಂದಕ್ಕೆ ಕಳಿಸಿದರೆ, ಒಂದು ದಿನದ ಬೀಡಿಯ ಕೂಲಿಯೂ ಅವಳ ಕೈ ತಪ್ಪುತ್ತದೆ.