ಅನೊರೆಕ್ಸಿಯಾ ವ್ಯಾಧಿಯ ಆನುವಂಶಿಕ ಮೂಲ: ಒಂದು ವಿವೇಚನೆ

ಎದುರಿಗೆ ಅನ್ನವಿದ್ದೂ, ಹೆತ್ತವರು ಕಣ್ಣೀರಿಟ್ಟು ಬೇಡಿದರೂ, ದೇಹವು ಕೃಶವಾಗಿ ಪ್ರಾಣಕ್ಕೇ ಸಂಚಕಾರ ಒದಗಿದರೂ ಉಣ್ಣಲೊಲ್ಲದ ಸ್ಥಿತಿಗೆ ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರನ್ನು 1870ರ ದಶಕದಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಲ್ ಎಂಬಾತನು ಇತ್ತನು. ಅಂದಿನಿಂದ ಬಹುಕಾಲ ವಿದ್ವಾಂಸರು ಇದರ ಕಾರಣವನ್ನು ರೋಗಿಯ ಹಟದಲ್ಲಿಯೂ, ತಾಯಿಯ ಅತಿಪಾಲನೆಯಲ್ಲಿಯೂ, ಕೃಶತೆಯನ್ನೇ ಸೌಂದರ್ಯವೆಂದು ಕೊಂಡಾಡುವ ಸಮಾಜದಲ್ಲಿಯೂ ಅರಸಿದರು. ಆದರೆ ಅದೇ ಸಮಾಜದಲ್ಲಿ ಬೆಳೆದ ಅಸಂಖ್ಯ ಯುವತಿಯರಲ್ಲಿ ಕೆಲವರನ್ನು ಮಾತ್ರವೇ ಈ ವ್ಯಾಧಿ ಹಿಡಿಯುವುದೇಕೆಂಬ ಪ್ರಶ್ನೆಗೆ ಆ ವಿವರಣೆಗಳಲ್ಲಿ ಸಮಾಧಾನ ದೊರೆಯದು.

ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ಅವಳಿಗಳ ಅಧ್ಯಯನವು ಮೊದಲ ಸಾಧನವಾಯಿತು. ಏಕಾಂಡಜ ಅವಳಿಗಳ ವಂಶವಾಹಿಗಳು ಒಂದೇ. ದ್ವ್ಯಂಡಜರಲ್ಲಿ ಸರಾಸರಿ ಅರ್ಧದಷ್ಟು ಮಾತ್ರ ಸಮಾನ. ಮನೆಯ ಪರಿಸರವಾದರೋ ಎರಡು ಬಗೆಯವರಿಗೂ ಸಾಧಾರಣವಾದುದು. ಹಾಲೆಂಡ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಬ್ರಿಟಿಷ್ ಅಧ್ಯಯನದಲ್ಲಿ, ಅವಳಿಗಳಿಬ್ಬರೂ ರೋಗಪೀಡಿತರಾಗಿದ್ದುದು ಏಕಾಂಡಜರಲ್ಲಿ ನೂರಕ್ಕೆ 55ರಷ್ಟಾದರೆ ದ್ವ್ಯಂಡಜರಲ್ಲಿ 7 ಮಾತ್ರ. ಪರೀಕ್ಷಿಸಿದ ಅವಳಿಗಳ ಸಂಖ್ಯೆ ಅಲ್ಪವಾಗಿದ್ದರೂ, ಈ ಅಂತರವು ಮುಂದಣ ಸಂಶೋಧನೆಗೆ ದಾರಿಯನ್ನು ತೋರಿತು.

ಆ ದಾರಿಯಲ್ಲಿ ಮಹತ್ತರವಾದ ಹೆಜ್ಜೆಯು 2019ರದು. ಸಿಂಥಿಯಾ ಬುಲಿಕ್, ಜೆರೋಮ್ ಬ್ರೀನ್ ಮೊದಲಾದ ಅನೇಕ ದೇಶಗಳ ಸಂಶೋಧಕರು 16,992 ರೋಗಿಗಳ ಜೀನೋಮನ್ನು 55,525 ಮಂದಿ ಇತರರದರೊಡನೆ ಹೋಲಿಸಿ, ರೋಗಕ್ಕೆ ಸಂಬಂಧಿಸಿದ 8 ತಾಣಗಳನ್ನು ಗುರುತಿಸಿದರು. ಗೀಳು, ಖಿನ್ನತೆ ಮುಂತಾದ ಮನೋವ್ಯಾಧಿಗಳೊಡನೆ ಕಂಡುಬಂದ ಆನುವಂಶಿಕ ಸಂಬಂಧವು ನಿರೀಕ್ಷಿತವೇ ಆಗಿದ್ದಿತು. ವಿಚಾರಾರ್ಹವಾದುದು ಇನ್ನೊಂದು: ಈ ರೋಗದ ಒಲವನ್ನು ಹೆಚ್ಚಿಸುವ ವಂಶವಾಹಿ ಭೇದಗಳೇ ಇನ್ಸುಲಿನ್ ಪ್ರತಿರೋಧವನ್ನೂ ಎರಡನೆಯ ಬಗೆಯ ಮಧುಮೇಹದ ಸಂಭವವನ್ನೂ ತಗ್ಗಿಸುವತ್ತ ವಾಲಿರುವುವು, ದೇಹತೂಕಕ್ಕೆ ಸಂಬಂಧಿಸಿದ ಭೇದಗಳ ಪ್ರಭಾವವನ್ನು ಕಳೆದು ನೋಡಿದರೂ ಈ ಚಯಾಪಚಯ ಸಂಬಂಧವು ಅಳಿಯದು. ಆದುದರಿಂದ ಈ ವ್ಯಾಧಿಯನ್ನು ಮನಸ್ಸಿನದೆಂದಷ್ಟೇ ಎಣಿಸದೆ, ಮನಸ್ಸು ಮತ್ತು ಚಯಾಪಚಯಗಳೆರಡರದೂ ಎಂದು ಭಾವಿಸಬೇಕೆಂಬುದು ಆ ಸಂಶೋಧಕರ ಮತ.

ಆದರೂ ಈ ಫಲಿತಾಂಶಗಳಿಂದ ವಿಧಿವಾದವನ್ನು ಕಟ್ಟುವುದು ಸಲ್ಲದು. ಒಂದೊಂದು ಭೇದದ ಪ್ರಭಾವವೂ ಅತ್ಯಲ್ಪ. ಏಕಾಂಡಜರಲ್ಲಿಯೂ ಎಷ್ಟೋ ಮಂದಿ ರೋಗಮುಕ್ತರಾಗಿ ಉಳಿಯುವುದರಿಂದ ಪರಿಸರದ ಪಾತ್ರವು ನಿರ್ವಿವಾದ. ಮೇಲಾಗಿ, ಪರೀಕ್ಷಿತರೆಲ್ಲರೂ ಐರೋಪ್ಯ ಮೂಲದವರಾದ ಕಾರಣ, ಈ ನಿರ್ಣಯಗಳು ಭಾರತೀಯರಿಗೂ ಹಾಗೆಯೇ ಅನ್ವಯಿಸುವುವೆಂದು ಹೇಳಲಾಗದು.

ಆದರೆ ಒಂದು ಮಾತು ನಿಸ್ಸಂದೇಹ. ವಂಶವಾಹಿಗಳ ಪಾಲು ಇಷ್ಟಿರುವಾಗ ರೋಗಿಯ ಹಟವನ್ನಾಗಲಿ ತಾಯಿಯ ಮಮತೆಯನ್ನಾಗಲಿ ಮೂಲಕಾರಣವೆಂದು ದೂಷಿಸುವುದು ಶಾಸ್ತ್ರಕ್ಕೂ ನ್ಯಾಯಕ್ಕೂ ವಿರುದ್ಧ. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ರೂಪುಗೊಂಡ ಚಿಕಿತ್ಸಾಕ್ರಮವು ಮಗಳಿಗೆ ಉಣಿಸುವ ಹೊಣೆಯನ್ನು ಹೆತ್ತವರಿಗೇ ಒಪ್ಪಿಸಿರುವುದು ಇದಕ್ಕೆ ಅನುಗುಣವಾಗಿಯೇ ಇದೆ. ಅವರನ್ನು ಅಪರಾಧಿಗಳಂತೆ ಕಾಣುವ ವೈದ್ಯನು ತನಗೆ ದೊರೆಯಬಹುದಾದ ಉತ್ತಮ ಸಹಾಯಕರನ್ನೇ ಕಳೆದುಕೊಳ್ಳುವನು.