ಕರ ಪಟ್ಟಣದ್ದು, ಆಶ್ರಯದ ಹೊಣೆ ಯಾರದು? ಚಳ್ಳಕೆರೆ–ಮೊಳಕಾಲ್ಮೂರುಗಳ ನೆಲೆಯಿಂದ ವಸತಿರಹಿತರ ಕುರಿತ ಪೌರನೀತಿಯ ಮರುಪರಿಶೀಲನೆ

ಭಿಕ್ಷಾಟನೆ ನಿಷೇಧ ಕಾನೂನುಗಳ ಬಗ್ಗೆ ನಮ್ಮ ದೇಶದಲ್ಲಿ ನಡೆದಿರುವ ವಿದ್ವತ್ ಚರ್ಚೆ ಬಹುಮಟ್ಟಿಗೆ ಮಹಾನಗರಗಳ ಚರ್ಚೆ. ಜೆ.ಎಂ. ಕುಮಾರಪ್ಪ ಅವರು 1945ರಲ್ಲಿ ಸಂಪಾದಿಸಿದ 'ಅವರ್ ಬೆಗ್ಗರ್ ಪ್ರಾಬ್ಲಂ' ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ವಲಯದಿಂದ ಬಂದದ್ದು, ಎಂ.ಎಸ್. ಗೋರೆ ಅವರ 1959ರ ಅಧ್ಯಯನ ದೆಹಲಿಯದು. ಉಷಾ ರಾಮನಾಥನ್ 2008ರಲ್ಲಿ 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ ಪ್ರಕಟಿಸಿದ ಲೇಖನ ಈ ಚರ್ಚೆಯ ದಿಕ್ಕನ್ನೇ ಬದಲಿಸಿತು. ಕಣ್ಣಿಗೆ ಬೀಳುವ ಬಡತನವನ್ನೇ ಈ ಕಾನೂನುಗಳು ಅಪರಾಧವಾಗಿಸುತ್ತವೆ ಎಂಬ ಅವರ ವಾದಕ್ಕೆ ಈಗ ವ್ಯಾಪಕ ಸಮ್ಮತಿಯಿದೆ. ದೆಹಲಿ ಉಚ್ಚ ನ್ಯಾಯಾಲಯ 2018ರ ಆಗಸ್ಟ್‌ನಲ್ಲಿ ದೆಹಲಿಗೂ ಅನ್ವಯವಾಗಿದ್ದ ಮುಂಬಯಿ ಭಿಕ್ಷಾಟನೆ ತಡೆ ಕಾಯ್ದೆಯ ದಂಡನೀಯ ಕಲಮುಗಳನ್ನು ದೆಹಲಿಯ ಮಟ್ಟಿಗೆ ರದ್ದುಗೊಳಿಸಿತು. ಮರುವರ್ಷ ಜಮ್ಮು–ಕಾಶ್ಮೀರದ ಉಚ್ಚ ನ್ಯಾಯಾಲಯ ಅಲ್ಲಿನ ಕಾಯ್ದೆಯನ್ನೂ ಅದೇ ಹಾದಿಯಲ್ಲಿ ತಳ್ಳಿಹಾಕಿತು. ಈ ಸಮ್ಮತಿಯನ್ನು ನಾನು ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ. ನನ್ನ ಭಿನ್ನಾಭಿಪ್ರಾಯ ಒಂದೇ ಅಂಶದ್ದು. ಪೊಲೀಸರ ದಾಳಿ, ಬಂಧನ, ನ್ಯಾಯಾಲಯ ಇವುಗಳ ಸುತ್ತ ಕಟ್ಟಿದ ಈ ವಿವರಣೆಯಿಂದ ಸಣ್ಣ ಪಟ್ಟಣಗಳಲ್ಲಿ ಕಾನೂನು ಮಾಡುವ ಕೆಲಸ ಅರ್ಥವಾಗುವುದಿಲ್ಲ. ಚಳ್ಳಕೆರೆ, ಮೊಳಕಾಲ್ಮೂರಿನಂಥ ಊರುಗಳಲ್ಲಿ ಭಿಕ್ಷಾಟನೆ ನಿಷೇಧ ಕಾಯ್ದೆ ಮೊದಲು ಪ್ರವೇಶಿಸುವುದು ಪೊಲೀಸ್ ಠಾಣೆಯ ಮೂಲಕವಲ್ಲ, ತೆರಿಗೆ ರಸೀದಿಯ ಮೂಲಕ. ಅದರ ಮುಖ್ಯ ಪರಿಣಾಮ ಹೊಣೆಗಾರಿಕೆಯನ್ನು ಊರಿನಿಂದ ಹೊರಗೆ ಸಾಗಿಸುವುದು ಎಂಬುದು ಈ ಲೇಖನದ ವಾದ.

ಚಿತ್ರದುರ್ಗ ಜಿಲ್ಲೆಯ ಈ ಎರಡು ಊರುಗಳ ಪರಿಚಯ ಚಿಕ್ಕದರಲ್ಲಿ ಮುಗಿಯುತ್ತದೆ. ಶೇಂಗಾ ಮತ್ತು ಎಣ್ಣೆ ಗಿರಣಿಗಳ ಚಳ್ಳಕೆರೆ ನಗರಸಭೆಯ ಪಟ್ಟಣ. 2011ರ ಜನಗಣತಿಯಲ್ಲಿ ಅದರ ಜನಸಂಖ್ಯೆ ಸುಮಾರು 55 ಸಾವಿರ. ರೇಷ್ಮೆ ಸೀರೆಗೆ ಹೆಸರಾದ ಮೊಳಕಾಲ್ಮೂರು ಪಟ್ಟಣ ಪಂಚಾಯಿತಿ; ಅಲ್ಲಿ ಸುಮಾರು 16 ಸಾವಿರ. ಬಳ್ಳಾರಿ–ಹಿರಿಯೂರು ಹೆದ್ದಾರಿಯೂ ಚಿಕ್ಕಜಾಜೂರು–ರಾಯದುರ್ಗ–ಬಳ್ಳಾರಿ ರೈಲುಮಾರ್ಗವೂ ಈ ಸೀಮೆಯನ್ನು ಹಾದುಹೋಗುತ್ತವೆ. ಆಂಧ್ರದ ಗಡಿ ಮಗ್ಗುಲಲ್ಲೇ ಇದೆ. ಕಾನೂನಿನ ಚರಿತ್ರೆಯ ದೃಷ್ಟಿಯಿಂದ ಈ ಗಡಿಗೆ ಮಹತ್ವವಿದೆ. ಎರಡೂ ತಾಲ್ಲೂಕುಗಳು ಹಳೆಯ ಮೈಸೂರು ಸಂಸ್ಥಾನದವು. ಮೊಳಕಾಲ್ಮೂರಿನ ಪಕ್ಕದಲ್ಲೇ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಸೀಮೆಯಿತ್ತು. ಮೈಸೂರು 1944ರಲ್ಲಿ, ಮದ್ರಾಸ್ 1945ರಲ್ಲಿ ಭಿಕ್ಷಾಟನೆಯ ವಿರುದ್ಧ ಪ್ರತ್ಯೇಕ ಕಾಯ್ದೆ ಮಾಡಿದವು. ಇಂದಿಗೂ ಇತ್ತ 1975ರ ಕರ್ನಾಟಕ ಕಾಯ್ದೆ, ಅತ್ತ 1977ರ ಆಂಧ್ರ ಕಾಯ್ದೆ. ಎರಡು ಸೀಮೆಗಳ ನಡುವೆ ಕೂಲಿಗೆಂದೋ ಜಾತ್ರೆಗೆಂದೋ ಓಡಾಡುವ ಮನುಷ್ಯನ ಬದುಕು ಒಂದೇ. ಅವನನ್ನು ಅಳೆಯುವ ಕಾನೂನು ಮಾತ್ರ ಕೆಲವೇ ಮೈಲಿಗಳಲ್ಲಿ ಬದಲಾಗುತ್ತದೆ.

ಈಗ ವಿವಾದದ ಅಂಶಕ್ಕೆ ಬರೋಣ. 1975ರ ಕಾಯ್ದೆ ಭಿಕ್ಷುಕರನ್ನು ಹಿಡಿದು ಪರಿಹಾರ ಕೇಂದ್ರದಲ್ಲಿ ಇರಿಸುವ ಅಧಿಕಾರ ಕೊಡುವುದರ ಜೊತೆಗೆ, ಆ ವ್ಯವಸ್ಥೆಯ ಖರ್ಚಿಗೆ ಒಂದು ಕರವನ್ನೂ ವಿಧಿಸುತ್ತದೆ. ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಮೇಲೆ ಶೇ 3ರಷ್ಟು ಭಿಕ್ಷುಕರ ಕರ ವಸೂಲು ಮಾಡಿ ರಾಜ್ಯ ಮಟ್ಟದ ಕೇಂದ್ರ ಪರಿಹಾರ ಸಮಿತಿಗೆ ಕಳುಹಿಸಬೇಕು. ಎರಡು ಸಾವಿರ ರೂಪಾಯಿ ಆಸ್ತಿ ತೆರಿಗೆ ಕಟ್ಟುವ ಮನೆಯವರು ಅದರ ಜೊತೆಗೆ ಆರೋಗ್ಯ ಕರವೆಂದು 300, ಗ್ರಂಥಾಲಯ ಕರವೆಂದು 120, ಭಿಕ್ಷುಕರ ಕರವೆಂದು 60 ರೂಪಾಯಿ ತೆರುತ್ತಾರೆ. ಮೂರೂ ಒಂದೇ ರಸೀದಿಯಲ್ಲಿ ಬರುವ ಕರಗಳಾದರೂ ಅವುಗಳ ಫಲ ಒಂದೇ ಬಗೆಯದಲ್ಲ. ಗ್ರಂಥಾಲಯ ಕರ ಕಟ್ಟುವ ತಾಲ್ಲೂಕು ಕೇಂದ್ರದಲ್ಲಿ ಒಂದು ಸಾರ್ವಜನಿಕ ಗ್ರಂಥಾಲಯವಾದರೂ ಇರುತ್ತದೆ. ಕರ ಕಟ್ಟಿದವರು ಅಲ್ಲಿ ಹೋಗಿ ಕೂರಬಹುದು, ಪತ್ರಿಕೆ ಬಂದಿಲ್ಲವೆಂದು ಕೇಳಬಹುದು. ಭಿಕ್ಷುಕರ ಕರಕ್ಕೆ ಅಂಥ ಸ್ಥಳೀಯ ರೂಪವಿಲ್ಲ. ಪರಿಹಾರ ಕೇಂದ್ರಗಳು ತಾಲ್ಲೂಕಿಗೊಂದರಂತೆ ಇಲ್ಲ. ಕೆಲವು ದೊಡ್ಡ ಊರುಗಳಲ್ಲಿ ಮಾತ್ರ ಇವೆ. ಕರ ಚಳ್ಳಕೆರೆಯಿಂದ ಹೋಗುತ್ತದೆ. ಅದರ ಹಿಂದೆಯೇ ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಮಲಗಿದ ಮನುಷ್ಯನೂ ಹೋಗಬೇಕು ಎಂಬುದು ಕಾಯ್ದೆಯ ಒಳತರ್ಕ. ಹೀಗೆ ನೋಡಿದಾಗ ಬಂಧನವೆಂಬುದು ಈ ವ್ಯವಸ್ಥೆಯ ಕೊನೆಯ ಹಂತ. ಊರಿನ ಹಣವನ್ನೂ ಹೊಣೆಯನ್ನೂ ಒಟ್ಟಿಗೆ ಹೊರಗೆ ಕಳುಹಿಸುವುದು ಅದರ ಮೊದಲ ಹಂತ. ದಾಳಿ ನಡೆಯದ ವರ್ಷವೂ ಕರ ನಡೆಯುತ್ತದೆ.

ಇದಕ್ಕೆ ಎದುರಾಗಿ ಹೇಳಬಹುದಾದ ಮೊದಲ ಮಾತು ಹೀಗಿದೆ: ಆಶ್ರಯದ ಹೊಣೆ ಹೊರುವ ಬೇರೆ ವ್ಯವಸ್ಥೆಯೇ ಬಂದಿದೆಯಲ್ಲ, ಹಳೆಯ ಕಾಯ್ದೆಯ ಮಾತೇಕೆ? ಸರ್ವೋಚ್ಚ ನ್ಯಾಯಾಲಯ 2010ರಲ್ಲಿ, ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ್ದ ಮೊಕದ್ದಮೆಯಲ್ಲಿ, ಪ್ರತಿ ಲಕ್ಷ ಜನಸಂಖ್ಯೆಗೆ ಒಂದು ರಾತ್ರಿ ಆಶ್ರಯ ತಾಣವಿರಬೇಕೆಂದು ಹೇಳಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಅದನ್ನು ಯೋಜನೆಯಾಗಿಸಿತು. ಆದರೆ ಈ ಅಳತೆಯೇ ನಮ್ಮ ಪಟ್ಟಣಗಳಿಗೆ ತೊಡಕಾಯಿತು. ನ್ಯಾಯಾಲಯದ ಆಗಿನ ಗಮನ ದೊಡ್ಡ ನಗರಗಳ ಮೇಲಿತ್ತು. ಅಭಿಯಾನವೂ ಮೊದಲು ಲಕ್ಷಕ್ಕೂ ಹೆಚ್ಚು ಜನರಿರುವ ನಗರಗಳು ಮತ್ತು ಜಿಲ್ಲಾ ಕೇಂದ್ರಗಳಿಗಷ್ಟೇ ಸೀಮಿತವಾಗಿತ್ತು. ಎಲ್ಲ ಶಾಸನಬದ್ಧ ಪಟ್ಟಣಗಳಿಗೆ ಅದು ವಿಸ್ತರಿಸಿದ್ದು 2016ರಲ್ಲಿ. ಚಳ್ಳಕೆರೆ, ಮೊಳಕಾಲ್ಮೂರು ಎರಡನ್ನೂ ಕೂಡಿಸಿದರೂ ಲೆಕ್ಕ 71 ಸಾವಿರದ ಆಸುಪಾಸಿಗೆ ನಿಲ್ಲುತ್ತದೆ. 'ಲಕ್ಷಕ್ಕೊಂದು' ಎಂಬುದನ್ನು ಕನಿಷ್ಠ ಅರ್ಹತೆಯೆಂದು ಓದಿದರೆ ಈ ಎರಡು ಪಟ್ಟಣಗಳ ಪಾಲಿಗೆ ಬರುವುದು ಸೊನ್ನೆ.

ಆ ಓದು ತಪ್ಪು ಎಂಬುದು ನನ್ನ ನಿಲುವು. ಅಭಿಯಾನದ ಮಾರ್ಗಸೂಚಿಯ ಪ್ರಕಾರ ಪ್ರತಿ ಲಕ್ಷ ನಗರ ಜನಸಂಖ್ಯೆಗೆ ಕನಿಷ್ಠ ನೂರು ಮಂದಿಗೆ ಕಾಯಂ ಆಶ್ರಯ ಬೇಕು. ಸ್ಥಳೀಯ ಪರಿಸ್ಥಿತಿಗೆ ತಕ್ಕಂತೆ ಒಂದೊಂದು ತಾಣ 50ರಿಂದ 100 ಮಂದಿಯದಾಗಿರಬಹುದು. ಸಾವಿರಕ್ಕೆ ಒಬ್ಬರಂತೆ ಎಂಬ ಅನುಪಾತವಿದು. ಅದೇ ಅನುಪಾತದಲ್ಲಿ ಚಳ್ಳಕೆರೆಗೆ ಸುಮಾರು 55 ಮಂದಿಯ ಆಶ್ರಯ ಸಲ್ಲಬೇಕು. ಅಂದರೆ ಮಾರ್ಗಸೂಚಿ ತಾನೇ ಒಪ್ಪುವ ಗಾತ್ರದ ಒಂದು ಪೂರ್ಣ ತಾಣ. ಮೊಳಕಾಲ್ಮೂರಿಗೆ 16 ಮಂದಿಯದು. ಅದು ಒಂದು ದೊಡ್ಡ ಕೋಣೆ, ಶೌಚಾಲಯ, ಒಬ್ಬ ಉಸ್ತುವಾರಿಯ ಮಾತು. ಅನುಪಾತವೆಂದು ಓದಿದರೆ ಸಣ್ಣ ಪಟ್ಟಣಕ್ಕೆ ಸಣ್ಣ ಹೊಣೆ ಬರುತ್ತದೆ, ಮಿತಿಯೆಂದು ಓದಿದರೆ ಯಾವ ಹೊಣೆಯೂ ಬರುವುದಿಲ್ಲ. ಭಿಕ್ಷುಕರ ಕರದ ವಿಷಯದಲ್ಲಿ ಇಂಥ ಇಬ್ಬಗೆಯ ಓದಿಗೆ ಯಾರೂ ಎಡೆಕೊಟ್ಟಿಲ್ಲ ಎಂಬುದು ಗಮನಾರ್ಹ. ಶೇ 3 ಎಂಬುದು ಬೆಂಗಳೂರಿಗೂ ಮೊಳಕಾಲ್ಮೂರಿಗೂ ಒಂದೇ. ವಸೂಲಿಗೆ ಜನಸಂಖ್ಯೆಯ ಮಿತಿಯಿಲ್ಲ. ಸೌಲಭ್ಯಕ್ಕೆ ಮಾತ್ರ ಇದೆ.

ಇದರಿಂದ ಹೊರಡುವ ನನ್ನ ತೀರ್ಮಾನ ಹೀಗಿದೆ: ವಸತಿರಹಿತರ ವಿಷಯದಲ್ಲಿ ಸಣ್ಣ ಪಟ್ಟಣಗಳಿಗೆ ನೀತಿಯೇ ಇಲ್ಲವೆನ್ನುವುದು ಸರಿಯಲ್ಲ, ಕರವನ್ನು ಕಡ್ಡಾಯವಾಗಿಸಿ ಆಶ್ರಯವನ್ನು ಐಚ್ಛಿಕವಾಗಿ ಬಿಟ್ಟಿರುವುದೇ ಆ ನೀತಿ. ಈ ಮಾತಿನ ಮಿತಿಗಳನ್ನು ಕೂಡಲೇ ಹೇಳಬೇಕು. ಮೊದಲನೆಯದಾಗಿ, ಒಂದು ನಿರ್ದಿಷ್ಟ ಪಟ್ಟಣದಲ್ಲಿ ಒಂದು ನಿರ್ದಿಷ್ಟ ವರ್ಷ ಆಶ್ರಯ ತಾಣ ತೆರೆದಿತ್ತೇ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಕಾಳಜಿಯುಳ್ಳ ಆಡಳಿತ ತೆರೆಯಬಹುದು, ಮುಂದಿನದು ಮುಚ್ಚಬಹುದು. ನನ್ನ ಮಾತು ಕಾನೂನಿನ ಒತ್ತಾಯ ಎಲ್ಲಿದೆ ಎಂಬುದರ ಬಗ್ಗೆ ಮಾತ್ರ. ಎರಡನೆಯದಾಗಿ, ಕರವೂ ಎಲ್ಲೆಡೆ ಸರಿಯಾಗಿ ಸಂದಾಯವಾಗುತ್ತಿಲ್ಲ. ಬೆಂಗಳೂರಿನ ಮಹಾನಗರ ಪಾಲಿಕೆಯೇ ದೊಡ್ಡ ಮೊತ್ತವನ್ನು ಬಾಕಿ ಉಳಿಸಿಕೊಂಡದ್ದು ಮತ್ತೆ ಮತ್ತೆ ಸುದ್ದಿಯಾಗಿದೆ. ಹಾಗಾದರೆ ಹೊಣೆ ಸಾಗಣೆಯ ವಾದ ಬೀಳುವುದಿಲ್ಲವೇ? ಬೀಳುವುದಿಲ್ಲವೆಂದೇ ನನ್ನ ಎಣಿಕೆ. ಬಾಕಿ ಎಂಬ ಪದ್ಧತಿಯೇ ಈ ಹಣ ಊರಿನದಲ್ಲ, ಸಮಿತಿಯದು ಎಂಬುದನ್ನು ಒಪ್ಪಿಕೊಳ್ಳುತ್ತದೆ. ಕಟ್ಟದೆ ಉಳಿದ ಹಣವೂ ಊರಿನ ವಸತಿರಹಿತರಿಗೆ ಸೇರುವುದಿಲ್ಲ. ಮೂರನೆಯದಾಗಿ, ಸಂವಿಧಾನದ 74ನೇ ತಿದ್ದುಪಡಿ ತಂದ ಹನ್ನೆರಡನೇ ಅನುಸೂಚಿಯಲ್ಲಿ ನಗರ ಬಡತನ ನಿವಾರಣೆಯೂ ದುರ್ಬಲ ವರ್ಗಗಳ ಹಿತರಕ್ಷಣೆಯೂ ಇವೆ. ಹೊಣೆ ಪಟ್ಟಣಕ್ಕೇ ಸೇರಿದ್ದಲ್ಲವೇ ಎಂದು ಕೇಳಬಹುದು. ಅನುಸೂಚಿ ರಾಜ್ಯಗಳು ಪಟ್ಟಣಗಳಿಗೆ ಒಪ್ಪಿಸಬಹುದಾದ ವಿಷಯಗಳ ಪಟ್ಟಿ. ಹಣವಿಲ್ಲದೆ ಒಪ್ಪಿಸಿದ ವಿಷಯ ಕಾಗದದ ಮೇಲೆಯೇ ಉಳಿಯುತ್ತದೆ. ಈ ವಿಷಯಕ್ಕೆಂದೇ ಪಟ್ಟಣ ಎತ್ತುವ ಏಕೈಕ ಕರ ಹೊರಗೆ ಹರಿದುಹೋಗುವಷ್ಟು ಕಾಲ ಅನುಸೂಚಿಯ ಮಾತಿಗೆ ಬಲ ಬರುವುದಿಲ್ಲ.

ನೆರವಾಗುವವರ ಸ್ಥಾನ ಏನು ಎಂಬುದು ಇದರ ಇನ್ನೊಂದು ಮುಖ. ಇಂದೋರಿನ ಜಿಲ್ಲಾಡಳಿತ 2025ರ ಜನವರಿಯಿಂದ ಭಿಕ್ಷೆ ನೀಡುವವರ ಮೇಲೂ ಮೊಕದ್ದಮೆ ಹೂಡುವುದಾಗಿ ಸಾರಿತು. ಭೋಪಾಲ್ ಅದನ್ನು ಅನುಸರಿಸಿತು. ಕರ್ನಾಟಕದ ಕಾಯ್ದೆ ನೀಡುವವರನ್ನು ದಂಡಿಸುವುದಿಲ್ಲ. ಆದರೆ ಅವರನ್ನು ಗುರುತಿಸುವುದೂ ಇಲ್ಲ. ಗುಡಿ, ಮಸೀದಿ, ಮಠಗಳ ಆವರಣದಲ್ಲಿ ಬೇಡುವುದನ್ನು ಅದು ಹೆಸರಿಟ್ಟು ಭಿಕ್ಷಾಟನೆಯ ವ್ಯಾಖ್ಯೆಯೊಳಗೆ ತರುತ್ತದೆ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಮಾತೆಂದು 'ಮಾಡಿದಷ್ಟು ನೀಡು ಭಿಕ್ಷೆ'ಯನ್ನು ಇಂದಿಗೂ ನೆನೆಯುವ ಸೀಮೆಯಿದು. ಕೆರೆ ಕಟ್ಟಿಸಿದ ಸಂತನೆಂದು ಆತನಿಗೆ ಹೆಸರು. ದುಡಿಮೆ ಮತ್ತು ನೀಡಿಕೆ ಎರಡನ್ನೂ ಊರಿನೊಳಗೇ ಕಟ್ಟಿಹಾಕಿದ ಈ ಪರಂಪರೆಗೂ ನೀಡುವವರನ್ನು ಬಿಟ್ಟು ಬೇಡುವವರನ್ನಷ್ಟೇ ಕಾಣುವ ಕಾಯ್ದೆಗೂ ಹೊಂದಿಕೆಯಾಗುವುದು ಕಷ್ಟ.

ದಾಸೋಹದ ಪರಂಪರೆ ಇಷ್ಟು ಗಟ್ಟಿಯಾಗಿರುವಲ್ಲಿ ಸರ್ಕಾರಿ ಆಶ್ರಯವೇಕೆ ಎಂಬ ಆಕ್ಷೇಪ ಇಲ್ಲೇ ಹುಟ್ಟುತ್ತದೆ. ಸಣ್ಣ ಊರಿನಲ್ಲಿ ವಸತಿರಹಿತರೇ ಕಡಿಮೆ ಎಂಬುದು ಅದರ ಜೊತೆಯ ಮಾತು. 2011ರ ಜನಗಣತಿ ವಸತಿರಹಿತರನ್ನು ಎಣಿಸಿದ್ದು ಫೆಬ್ರುವರಿ 28ರ ಒಂದೇ ರಾತ್ರಿ. ಹಾಗೆ ಕರ್ನಾಟಕಕ್ಕೆ ಸಿಕ್ಕ ಸಂಖ್ಯೆ 76,735. ನಾಯಕನಹಟ್ಟಿಯ ಫಾಲ್ಗುಣದ ತೇರು, ಮಳೆಗಾಲ ಮುಗಿಯುವ ಹೊತ್ತಿನ ಗೌರಸಮುದ್ರ ಮಾರಮ್ಮನ ಜಾತ್ರೆ, ಬರದ ವರ್ಷಗಳ ಗುಳೆ ಇವುಗಳಿಂದ ಏರಿಳಿಯುವ ಸೀಮೆಯಲ್ಲಿ ಒಂದು ರಾತ್ರಿಯ ಎಣಿಕೆ ವರ್ಷವಿಡೀ ಸತ್ಯವಾಗಲಾರದು. ದಾಸೋಹ ಹಸಿವನ್ನು ನೀಗಿಸುತ್ತದೆ, ಇಂದಿರಾ ಕ್ಯಾಂಟೀನ್ ಇರುವಲ್ಲಿ ಅದೂ ನೀಗಿಸುತ್ತದೆ; ಆದರೆ ರಾತ್ರಿಯ ಸೂರು, ಕಾಯಿಲೆಗೆ ಔಷಧ, ಗುರುತಿನ ಚೀಟಿಗೆ ಒಂದು ವಿಳಾಸ ಇವು ಊಟದ ಸಾಲಿನಲ್ಲಿ ಸಿಗುವುದಿಲ್ಲ. ಮನಸ್ಸಿನ ಆರೋಗ್ಯ ಕೆಟ್ಟು ಅಲೆಯುವವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆರೋಗ್ಯ ಸಂಸ್ಥೆಗೆ ಒಯ್ಯುವ ಕರ್ತವ್ಯವನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರತಿ ಠಾಣೆಗೂ ಹೊರಿಸಿದೆ. ಆದರೆ ಚಿಕಿತ್ಸೆ ಮುಗಿದ ಮೇಲೆ ಅವರನ್ನು ಇಳಿಸುವ ಜಾಗ ಪಟ್ಟಣದಲ್ಲೇ ಇಲ್ಲದಿದ್ದರೆ ಆ ಕರ್ತವ್ಯ ಅರ್ಧಕ್ಕೇ ನಿಲ್ಲುತ್ತದೆ.

ಅಲೆಮಾರಿಗಳ ಪ್ರಶ್ನೆ ಎಲ್ಲಕ್ಕಿಂತ ಸೂಕ್ಷ್ಮ. ಕಾಯ್ದೆ ಧಾರ್ಮಿಕ ಹರಕೆ, ಸಂಪ್ರದಾಯದ ಭಿಕ್ಷೆಗೆ ವಿನಾಯಿತಿ ಕೊಟ್ಟಿರುವುದರಿಂದ ಸಾಂಪ್ರದಾಯಿಕ ಸಮುದಾಯಗಳಿಗೆ ತೊಂದರೆಯಿಲ್ಲ ಎನ್ನುವವರಿದ್ದಾರೆ. ಆದರೆ ಹಾಡು, ಕುಣಿತ, ಕಣಿ, ಕೈಚಳಕದ ನೆಪದಲ್ಲಿ ಬೇಡುವುದೂ ಭಿಕ್ಷಾಟನೆಯೇ ಎಂದು ಅದೇ ವ್ಯಾಖ್ಯೆ ಹೇಳುತ್ತದೆ. ಸುಡುಗಾಡು ಸಿದ್ಧರ ಕೈಚಳಕ, ಬುಡ್ಗ ಜಂಗಮರ ವೇಷ ಯಾವ ಕಡೆಗೆ ಬೀಳುತ್ತವೆ? ಈ ಸಮುದಾಯಗಳನ್ನು ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಸೇರಿಸಿ ರಕ್ಷಣೆ ಕೊಟ್ಟ ಪ್ರಭುತ್ವವೇ ಅವರ ಕುಲಕಸುಬನ್ನು ಇನ್ನೊಂದು ಕಾಯ್ದೆಯಲ್ಲಿ ಹಿಡಿಯಬಹುದಾದ ನಡತೆಯಾಗಿ ಉಳಿಸಿಕೊಂಡಿದೆ. ಗೆರೆ ಎಳೆಯುವವನು ಬೀದಿಯಲ್ಲಿ ನಿಂತ ಅಧಿಕಾರಿ. ಈ ಅಂಶದಲ್ಲಿ ರಾಮನಾಥನ್ ಅವರ ವಾದ ಪೂರ್ಣವಾಗಿ ನಿಲ್ಲುತ್ತದೆ. ನನ್ನ ತಿದ್ದುಪಡಿ ಅದನ್ನು ಅಲ್ಲಗಳೆಯುವುದಿಲ್ಲ, ಅದರ ಪಕ್ಕದಲ್ಲಿ ಇನ್ನೊಂದು ಕಾರಣವನ್ನು ಇಡುತ್ತದೆ.

ಪ್ರತಿ ಪಟ್ಟಣ ಎಷ್ಟು ಭಿಕ್ಷುಕರ ಕರ ಎತ್ತಿತು, ಎಷ್ಟು ಕಳುಹಿಸಿತು, ಆ ಪಟ್ಟಣದ ಎಷ್ಟು ಮಂದಿ ಪರಿಹಾರ ಕೇಂದ್ರ ಸೇರಿದರು, ಎಷ್ಟು ಮಂದಿ ಊರಿಗೆ ಮರಳಿದರು ಎಂಬ ಪಟ್ಟಣವಾರು ಲೆಕ್ಕವನ್ನು ಒಟ್ಟಿಗಿಟ್ಟು ನೋಡುವ ಕೆಲಸ ಮುಂದಿನ ಸಂಶೋಧಕರಿಗೆ ಉಳಿದಿದೆ. ಅದು ಈ ವಾದವನ್ನು ಗಟ್ಟಿಗೊಳಿಸಬಹುದು, ತಿದ್ದಲೂಬಹುದು. ಹಣ ಊರಲ್ಲೇ ಉಳಿದರೆ ಅದು ಆಶ್ರಯಕ್ಕೇ ಖರ್ಚಾಗುತ್ತದೆ ಎಂಬುದಕ್ಕೂ ತಾನಾಗಿ ಭರವಸೆಯಿಲ್ಲ. ಅದಕ್ಕೆ ಬೇರೆ ನಿಯಮ ಬೇಕು. ಆದರೂ ಇಷ್ಟನ್ನು ಖಚಿತವಾಗಿ ಹೇಳಬಹುದು. 1975ರ ಕಾಯ್ದೆಯ ದಂಡನೀಯ ಭಾಗವನ್ನಷ್ಟೇ ತೆಗೆದುಹಾಕಿದರೆ ಚಳ್ಳಕೆರೆ, ಮೊಳಕಾಲ್ಮೂರುಗಳಲ್ಲಿ ಬಹಳ ಬದಲಾವಣೆಯಾಗದು. ಭಿಕ್ಷುಕರ ಕರದ ಒಂದು ಪಾಲನ್ನು ಅದನ್ನು ತೆತ್ತ ಪಟ್ಟಣದ ಆಶ್ರಯ ತಾಣಕ್ಕೇ ಮೀಸಲಿಡುವುದು, ಸಾವಿರಕ್ಕೆ ಒಬ್ಬರ ಅನುಪಾತವನ್ನು ಎಲ್ಲ ಪಟ್ಟಣಗಳಿಗೂ ಕಡ್ಡಾಯಗೊಳಿಸುವುದು, ನಡೆಸುವ ಹೊಣೆಯಲ್ಲಿ ದಾಸೋಹದ ಸಂಸ್ಥೆಗಳಿಗೆ ಅಧಿಕೃತ ಸ್ಥಾನ ಕೊಡುವುದು: ಈ ಮೂರು ತಿದ್ದುಪಡಿಗಳನ್ನು ರಾಜ್ಯ ಸರ್ಕಾರ ಕೈಗೆತ್ತಿಕೊಳ್ಳಬೇಕು.